ಡ್ಯಾಶ್ ಕ್ಯಾಮ್‌ನಲ್ಲಿ 1 ನಿಮಿಷವೋ, 3 ನಿಮಿಷವೋ, 10 ನಿಮಿಷವೋ? ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಡ್ಯಾಶ್ ಕ್ಯಾಮ್ (ಕಾರಿನ ಗಾಜಿನ ಹಿಂದೆ ಕೂತು ರಸ್ತೆಯನ್ನು ರೆಕಾರ್ಡ್ ಮಾಡುವ ಕ್ಯಾಮೆರಾ) ಹಾಕಿಸಿದವರು ಮೆನು ತಿರುವುತ್ತಾ ಒಂದು ಕಡೆ ಬಂದು ನಿಲ್ಲುತ್ತಾರೆ. ಕೆಲವು ಕ್ಯಾಮೆರಾಗಳಲ್ಲಿ ಅದರ ಹೆಸರು ‘ಲೂಪ್ ರೆಕಾರ್ಡಿಂಗ್’, ಕೆಲವದರಲ್ಲಿ ‘ಕ್ಲಿಪ್ ಲೆಂತ್’. ಒಳಗೆ 1, 3, 5, 10 ಎಂದು ನಿಮಿಷಗಳು. ಯಾವುದನ್ನು ಒತ್ತಬೇಕು? ಮನೆಯವರು, ಆಫೀಸಿನವರು, ಪಕ್ಕದ ಬೀದಿಯವರು ನನ್ನನ್ನು ಕೇಳಿದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ನಾನು ಎಂಜಿನಿಯರ್ ಅಲ್ಲ. ಬೆಂಗಳೂರು–ಮಂಗಳೂರು ರಸ್ತೆಯಲ್ಲಿ ತಿಂಗಳಿಗೆ ಎರಡು ಸಲ ಓಡಾಡುವವನು, ಒಂದು ಸಲ ಪೆಟ್ಟು ತಿಂದು ಕಲಿತವನು.

ಅವಸರದಲ್ಲಿದ್ದೇನೆ. ಒಂದೇ ಮಾತಲ್ಲಿ ಹೇಳಿ, ಎಷ್ಟು ಇಡಲಿ?

3 ನಿಮಿಷ. ನಿಮ್ಮ ಕ್ಯಾಮೆರಾದಲ್ಲಿ 3 ಇಲ್ಲದೆ 2 ಇದ್ದರೆ 2. ಬರೀ ಊರೊಳಗೆ ಓಡಿಸುವವರಾದರೆ 1 ನಿಮಿಷವೂ ಚೆನ್ನ, ಆದರೆ ಅದಕ್ಕೊಂದು ಷರತ್ತಿದೆ, ಮುಂದೆ ಹೇಳುತ್ತೇನೆ. 10 ನಿಮಿಷ ಮಾತ್ರ ಬೇಡ.

ಈ ನಿಮಿಷದ ಲೆಕ್ಕ ಅಂದರೆ ಏನು? 3 ನಿಮಿಷ ಆದಮೇಲೆ ರೆಕಾರ್ಡಿಂಗ್ ನಿಂತುಹೋಗುತ್ತಾ?

ಇಲ್ಲ. ಕಾರು ಆನ್ ಇರುವಷ್ಟು ಹೊತ್ತೂ ಕ್ಯಾಮೆರಾ ರೆಕಾರ್ಡ್ ಮಾಡುತ್ತಲೇ ಇರುತ್ತದೆ. ಆದರೆ ಎಲ್ಲವನ್ನೂ ಒಂದೇ ಉದ್ದ ಫೈಲಿಗೆ ತುಂಬುವುದಿಲ್ಲ. 3 ನಿಮಿಷಕ್ಕೊಮ್ಮೆ ಒಂದು ಫೈಲ್ ಮುಚ್ಚಿ ಇನ್ನೊಂದು ತೆರೆಯುತ್ತದೆ. ಕ್ಯಾಮೆರಾದೊಳಗಿನ ಮೆಮೊರಿ ಕಾರ್ಡ್ ತುಂಬಿತು ಅನ್ನಿ, ಎಲ್ಲಕ್ಕಿಂತ ಹಳೆಯ ಫೈಲನ್ನು ಅಳಿಸಿ ಆ ಜಾಗದಲ್ಲಿ ಹೊಸದನ್ನು ಬರೆಯುತ್ತದೆ. ಇದೇ ಲೂಪ್.

10 ನಿಮಿಷ ಇಟ್ಟರೆ ಕಾರ್ಡಿನಲ್ಲಿ ಜಾಸ್ತಿ ಹೊತ್ತಿನ ವಿಡಿಯೋ ಹಿಡಿಯುತ್ತಾ?

ಅತಿ ಹೆಚ್ಚು ಜನ ಕೇಳುವುದು ಇದನ್ನೇ. ಹಿಡಿಯುವುದಿಲ್ಲ. ಅಕ್ಕಿಯನ್ನು ಪಾವಿನಲ್ಲಿ ಅಳೆದರೂ ಅಷ್ಟೇ, ಸೇರಿನಲ್ಲಿ ಅಳೆದರೂ ಅಷ್ಟೇ, ಮೂಟೆಯಲ್ಲಿರುವ ಅಕ್ಕಿ ಹೆಚ್ಚಾಗಲ್ಲ ಅಲ್ವಾ? ಇದೂ ಹಾಗೆಯೇ. ಒಂದು ಗಂಟೆ ಓಡಿಸಿದರೆ 1 ನಿಮಿಷದ 60 ಫೈಲ್ ಆಗುತ್ತವೆ, ಅಥವಾ 10 ನಿಮಿಷದ 6 ಫೈಲ್. ಎರಡೂ ತಿನ್ನುವ ಜಾಗ ಒಂದೇ.

ಹಾಗಾದರೆ 64 ಜಿಬಿ ಕಾರ್ಡಿಗೆ ಎಷ್ಟು ಗಂಟೆ ಬರುತ್ತೆ?

ಅದು ಬಿಟ್‌ರೇಟ್ ಮೇಲೆ ಹೋಗುತ್ತದೆ, ಅಂದರೆ ಕ್ಯಾಮೆರಾ ಸೆಕೆಂಡಿಗೆ ಎಷ್ಟು ಡೇಟಾ ಬರೆಯುತ್ತದೆ ಅನ್ನುವುದರ ಮೇಲೆ. ಲೆಕ್ಕ ಸುಲಭ. ಎಂಬಿಪಿಎಸ್ (ಸೆಕೆಂಡಿಗೆ ಎಷ್ಟು ಮೆಗಾಬಿಟ್) ಸಂಖ್ಯೆಯನ್ನು 8ರಿಂದ ಭಾಗಿಸಿ 60ರಿಂದ ಗುಣಿಸಿದರೆ ನಿಮಿಷಕ್ಕೆ ಎಷ್ಟು ಎಂಬಿ ಅಂತ ಸಿಗುತ್ತದೆ. 24 ಎಂಬಿಪಿಎಸ್ ಇದ್ದರೆ ನಿಮಿಷಕ್ಕೆ 180 ಎಂಬಿ. 64 ಜಿಬಿಗೆ ಸುಮಾರು 6 ಗಂಟೆ. 4ಕೆ ಕ್ಯಾಮೆರಾ 40 ಎಂಬಿಪಿಎಸ್‌ನಲ್ಲಿ ಬರೆದರೆ ನಿಮಿಷಕ್ಕೆ 300 ಎಂಬಿ, ಅದೇ ಕಾರ್ಡಿಗೆ ಮೂರೂವರೆ ಗಂಟೆ ಮಾತ್ರ.

ಇದನ್ನು ರಸ್ತೆ ಮೇಲೆ ಇಟ್ಟು ನೋಡಿ. ಬೆಳಗ್ಗೆ 5ಕ್ಕೆ ಬೆಂಗಳೂರು ಬಿಟ್ಟಿರಿ. ನೆಲಮಂಗಲದ ಹತ್ತಿರ ಒಂದು ಬೈಕ್ ನಿಮ್ಮ ಬಾಗಿಲಿಗೆ ಸವರಿಕೊಂಡು ಹೋಯಿತು. ‘ಹೋಗಲಿ ಬಿಡು, ಊರಿಗೆ ಹೋಗಿ ನೋಡೋಣ’ ಅಂದುಕೊಂಡಿರಿ. ತಿಂಡಿ, ಕಾಫಿ, ಶಿರಾಡಿ ಘಾಟಿಯ ಲಾರಿ ಸಾಲು ಎಲ್ಲ ಸೇರಿ ಮಂಗಳೂರು ಮುಟ್ಟುವಾಗ 8 ಗಂಟೆ ಕಳೆದಿದೆ. 6 ಗಂಟೆಯ ಕಾರ್ಡಿನಲ್ಲಿ ಆ ಬೈಕ್ ಯಾವಾಗಲೋ ಅಳಿಸಿಹೋಗಿದೆ. ಕಾರಿನ ಹಿಂಬದಿಗೂ ಒಂದು ಕ್ಯಾಮೆರಾ ಇದ್ದರೆ ಇನ್ನೂ ಬೇಗ, ಯಾಕೆಂದರೆ ಒಂದೇ ಕಾರ್ಡನ್ನು ಇಬ್ಬರು ಹಂಚಿಕೊಳ್ಳುತ್ತಾರೆ. ಇದಕ್ಕೆ ಪರಿಹಾರ ನಿಮಿಷದ ಸೆಟ್ಟಿಂಗ್ ಅಲ್ಲ, ದೊಡ್ಡ ಕಾರ್ಡ್. ಉದ್ದ ಪ್ರಯಾಣ ಮಾಡುವವರು 128 ಜಿಬಿಗಿಂತ ಕೆಳಗೆ ಹೋಗಬೇಡಿ. ಕ್ಯಾಮೆರಾ ಎಷ್ಟು ಜಿಬಿವರೆಗೆ ತೆಗೆದುಕೊಳ್ಳುತ್ತದೆ ಅಂತ ಮೊದಲು ನೋಡಿಕೊಳ್ಳಿ.

ಜಾಗ ಒಂದೇ ಅಂದರೆ 10 ನಿಮಿಷ ಇಟ್ಟರೆ ನಷ್ಟ ಏನು?

ನನಗೇ ಆದದ್ದನ್ನು ಹೇಳಿಬಿಡುತ್ತೇನೆ. ಆಗ ನಾನೂ 10 ನಿಮಿಷವೇ ಇಟ್ಟಿದ್ದೆ. ಫೈಲ್ ಕಡಿಮೆ ಇದ್ದರೆ ಹುಡುಕುವುದು ಸುಲಭ ಅನ್ನುವ ಲೆಕ್ಕಾಚಾರ. ಎಡೆಯೂರು ದಾಟಿ ಸ್ವಲ್ಪ ಮುಂದೆ, ಎದುರಿಗೆ ದನ ಬಂತು ಅಂತ ನಿಧಾನ ಮಾಡಿದೆ. ಹಿಂದಿನಿಂದ ಗೂಡ್ಸ್ ಟೆಂಪೋ ಬಂದು ಗುದ್ದಿತು. ದೊಡ್ಡ ಪೆಟ್ಟೇನಲ್ಲ, ಡಿಕ್ಕಿ ಬಾಗಿಲು ಒಳಗೆ ಹೋಯಿತು ಅಷ್ಟೇ. ಆದರೆ ಆ ಕುಲುಕಿಗೆ ಲೈಟರ್ ಸಾಕೆಟ್‌ನಲ್ಲಿದ್ದ ಕ್ಯಾಮೆರಾದ ಪ್ಲಗ್ ಎಗರಿ ಗೇರ್ ಪಕ್ಕ ಬಿತ್ತು. ಟೆಂಪೋದವನು ಇಳಿದವನೇ ‘ಎದುರಿಗೆ ಏನೂ ಇರಲಿಲ್ಲ, ಸುಮ್ನೆ ಬ್ರೇಕ್ ಹೊಡೆದಿರಿ’ ಅಂದ. ದನ ಅಷ್ಟೊತ್ತಿಗೆ ಪಕ್ಕದ ಹೊಲದಲ್ಲಿ ಮೇಯುತ್ತಿತ್ತು. ‘ವಿಡಿಯೋ ಇದೆ ಸ್ವಾಮಿ’ ಅಂತ ಠೀವಿಯಿಂದ ಕಾರ್ಡ್ ತೆಗೆದೆ. ಆ ಕೊನೆಯ ಫೈಲ್ ತೆರೆಯಲೇ ಇಲ್ಲ. ಅದರ ಹಿಂದಿನ ಫೈಲಿನಲ್ಲಿ ಎಡೆಯೂರಿಗೆ ಮುಂಚಿನ ರಸ್ತೆ, ಹಿನ್ನೆಲೆಯಲ್ಲಿ ನಾನು ಹಾಡು ಗುನುಗುವುದು.

ಕಾರಣ ಹೀಗಿದೆ. ಬಹಳಷ್ಟು ಕ್ಯಾಮೆರಾಗಳು ಎಂಪಿ4 ಫೈಲ್ ಬರೆಯುತ್ತವೆ. ಪುಸ್ತಕಕ್ಕೆ ಪರಿವಿಡಿ ಇದ್ದ ಹಾಗೆ ಈ ಫೈಲಿಗೂ ಒಂದು ಪರಿವಿಡಿ ಇರುತ್ತದೆ. ಸಾಮಾನ್ಯವಾಗಿ ಅದನ್ನು ಕೊನೆಯಲ್ಲಿ, ಫೈಲ್ ಮುಚ್ಚುವಾಗ ಬರೆಯುತ್ತಾರೆ. ನಡುವೆ ಕರೆಂಟ್ ಹೋದರೆ ಪರಿವಿಡಿ ಇಲ್ಲ. ಚಿತ್ರ ಕಾರ್ಡಿನಲ್ಲೇ ಇದ್ದರೂ ಫೋನಿಗೆ ಅದನ್ನು ಓದಲು ಬರುವುದಿಲ್ಲ. 10 ನಿಮಿಷದ ಫೈಲಿನಲ್ಲಿ ಕಳೆದುಹೋಗುವುದು 10 ನಿಮಿಷದವರೆಗೆ. 1 ನಿಮಿಷದ್ದಾದರೆ ಒಂದೇ ನಿಮಿಷ, ಅದಕ್ಕೆ ಮುಂಚಿನದೆಲ್ಲ ಭದ್ರ.

ಇದಕ್ಕಾಗಿಯೇ ಕ್ಯಾಮೆರಾದ ಒಳಗೆ ಸಣ್ಣ ಬ್ಯಾಟರಿ ಅಥವಾ ಸೂಪರ್ ಕೆಪಾಸಿಟರ್ ಇಟ್ಟಿರುತ್ತಾರೆ. ಹೊರಗಿನ ಕರೆಂಟ್ ಹೋದಮೇಲೆ ಕೆಲವು ಸೆಕೆಂಡ್ ಜೀವ ಹಿಡಿದು ಫೈಲ್ ಮುಚ್ಚುವುದು ಅದರ ಕೆಲಸ. ನಮ್ಮ ಬಿಸಿಲಿಗೆ ಗಾಜಿನ ಹಿಂದೆ ಕುಳಿತ ಬ್ಯಾಟರಿ ಒಂದೆರಡು ಬೇಸಿಗೆಯಲ್ಲಿ ಸೋಲಬಹುದು, ಉಬ್ಬಲೂಬಹುದು. ರಾಯಚೂರು, ಕಲಬುರಗಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಸದು ಕೊಳ್ಳುವಾಗ ಕೆಪಾಸಿಟರ್ ಇರುವುದನ್ನೇ ಕೊಳ್ಳಿ.

ತೆರೆಯದ ಫೈಲನ್ನು ಆಮೇಲೆ ಸರಿಮಾಡಬಹುದಾ?

ಕೆಲವು ಸಲ ಆಗುತ್ತದೆ. ಅನ್‌ಟ್ರಂಕ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಅದೇ ಕ್ಯಾಮೆರಾದ, ಅದೇ ಸೆಟ್ಟಿಂಗ್‌ನ ಒಂದು ಒಳ್ಳೆಯ ಫೈಲ್ ಕೊಟ್ಟರೆ ಅದನ್ನು ನೋಡಿಕೊಂಡು ಕೆಟ್ಟದ್ದನ್ನು ಕಟ್ಟಿಕೊಡಲು ಪ್ರಯತ್ನಿಸುತ್ತದೆ. ಆದರೆ ಮುಖ್ಯವಾದ ಮಾತು ಬೇರೆ. ಕಾರ್ಡನ್ನು ವಾಪಸ್ ಕ್ಯಾಮೆರಾಗೆ ಹಾಕಬೇಡಿ. ಹಾಕಿದ ಕ್ಷಣ ಅದು ಮತ್ತೆ ರೆಕಾರ್ಡ್ ಮಾಡಲು ಶುರುಮಾಡುತ್ತದೆ, ನಿಮಗೆ ಬೇಕಾದದ್ದರ ಮೇಲೇ ಬರೆದರೂ ಬರೆದೀತು. ಅವತ್ತು ನಾನು ಮಾಡಿದ್ದು ಅದನ್ನೇ.

ಹಂಪ್ ಎಗರಿಸಿದಾಗಲೆಲ್ಲ ಕ್ಯಾಮೆರಾ ಕೀಂಯ್ ಅನ್ನುತ್ತೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಇದೆ, ಮತ್ತು ನಮ್ಮ ರಸ್ತೆಗಳಲ್ಲಿ ಜಾಸ್ತಿ ಇದೆ. ಕ್ಯಾಮೆರಾದಲ್ಲಿ ಜಿ-ಸೆನ್ಸರ್ ಅಂತ ಇರುತ್ತದೆ. ಜೋರು ಕುಲುಕು ಬಂದರೆ ಅಪಘಾತ ಆಯಿತು ಅಂದುಕೊಂಡು ಆಗ ಬರೆಯುತ್ತಿರುವ ಫೈಲನ್ನು ಲಾಕ್ ಮಾಡುತ್ತದೆ. ಲಾಕ್ ಆದದ್ದನ್ನು ಲೂಪ್ ಅಳಿಸುವುದಿಲ್ಲ. ಒಳ್ಳೆಯದೇ. ಆದರೆ ಬಣ್ಣ ಬಳಿಯದ ಹಂಪ್‌ಗೂ ಲಾರಿ ಗುದ್ದಿದ್ದಕ್ಕೂ ಅದಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಸಕಲೇಶಪುರ ದಾಟಿ ಮಾರನಹಳ್ಳಿ ಕಡೆ ಇಳಿಯುವಾಗ, ರಸ್ತೆ ಕೆಲಸದ ಗುಂಡಿಗಳಲ್ಲಿ ನನ್ನದು ಒಂದೇ ಸಲಕ್ಕೆ 11 ಫೈಲ್ ಲಾಕ್ ಮಾಡಿತ್ತು.

ಈಗ ಲೆಕ್ಕ ಹಾಕಿ. ನಿಮಿಷಕ್ಕೆ 180 ಎಂಬಿ ಅನ್ನುವ ಕ್ಯಾಮೆರಾದಲ್ಲಿ 10 ನಿಮಿಷದ ಒಂದು ಫೈಲ್ ಅಂದರೆ 1.8 ಜಿಬಿ. ಬೇರೆ ಬೇರೆ ಹೊತ್ತಿನಲ್ಲಿ ಹತ್ತು ಗುಂಡಿ ಸಿಕ್ಕರೆ 18 ಜಿಬಿ ಲಾಕ್. 3 ನಿಮಿಷದ್ದಾದರೆ 5.4 ಜಿಬಿ. 1 ನಿಮಿಷದ್ದಾದರೆ 2 ಜಿಬಿಯೂ ಆಗಲ್ಲ. ಹೀಗೆ ಲಾಕ್ ಆದದ್ದು ತುಂಬುತ್ತಾ ಬಂದರೆ ಲೂಪ್‌ಗೆ ಜಾಗವೇ ಉಳಿಯುವುದಿಲ್ಲ. ಕೆಲವು ಕ್ಯಾಮೆರಾ ‘ಕಾರ್ಡ್ ಫುಲ್’ ಅಂತ ತೋರಿಸಿ ಸುಮ್ಮನೆ ಕೂತುಬಿಡುತ್ತವೆ, ನಾವು ಗಮನಿಸಿರುವುದಿಲ್ಲ. ಇನ್ನು ಕೆಲವು ಲಾಕ್ ಆದವುಗಳಿಗೂ ಮಿತಿ ಇಟ್ಟು, ಹಳೆಯ ಲಾಕ್ ಫೈಲನ್ನೇ ಅಳಿಸುತ್ತವೆ. ಆಗ ಹೊಸ ಹಂಪ್ ಬಂದು ಹಳೆಯ ಅಪಘಾತವನ್ನು ನುಂಗಿಹಾಕುತ್ತದೆ.

ಜಿ-ಸೆನ್ಸರ್ ಅನ್ನು ‘ಲೋ’ಗೆ ಇಡಿ. ‘ಆಫ್’ ಬೇಡ. ‘ಹೈ’ ಅಂತೂ ನಮ್ಮ ರಸ್ತೆಗೆ ಆಗಿಬರುವ ಮಾತಲ್ಲ.

ಅಷ್ಟೆಲ್ಲ ಅನುಕೂಲ ಇದ್ದರೆ ಎಲ್ಲರಿಗೂ 1 ನಿಮಿಷವೇ ಇಡಿ ಅನ್ನಬಹುದಲ್ಲ?

ಅನ್ನಬಹುದಿತ್ತು. ಎರಡು ತೊಡಕು. ಮೊದಲನೆಯದು, ಕಡಿಮೆ ಬೆಲೆಯ ಕೆಲವು ಕ್ಯಾಮೆರಾಗಳು ಒಂದು ಫೈಲ್ ಮುಚ್ಚಿ ಇನ್ನೊಂದು ತೆರೆಯುವ ನಡುವೆ ಒಂದು ಸೆಕೆಂಡೋ ಇನ್ನೂ ಸ್ವಲ್ಪ ಜಾಸ್ತಿಯೋ ಬಿಟ್ಟುಬಿಡುತ್ತವೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡ್ ಅಂದರೆ 22 ಮೀಟರ್. 1 ನಿಮಿಷ ಇಟ್ಟರೆ ಇಂಥ ಬಿರುಕು ಗಂಟೆಗೆ 60 ಸಲ, 3 ನಿಮಿಷಕ್ಕೆ 20 ಸಲ. ಒಳ್ಳೆಯ ಕ್ಯಾಮೆರಾಗಳಲ್ಲಿ ಈ ಬಿರುಕು ಇರುವುದಿಲ್ಲ. ಕೆಲವು ಹಿಂದಿನ ಫೈಲಿನ ಕೊನೆಯ ಸೆಕೆಂಡನ್ನು ಮುಂದಿನ ಫೈಲಿನಲ್ಲೂ ಸೇರಿಸಿಯೇ ಬರೆಯುತ್ತವೆ. ಮೊದಲಿಗೆ ಹೇಳಿದ ಷರತ್ತು ಇದೇ. ನಿಮ್ಮ ಕ್ಯಾಮೆರಾ ಯಾವ ಜಾತಿ ಅಂತ ಗೊತ್ತಾಗದೆ 1 ನಿಮಿಷ ಇಡಬೇಡಿ.

ಎರಡನೆಯದು, ಘಟನೆ ಎರಡು ಫೈಲಿನ ಸಂದಿಯಲ್ಲಿ ಬೀಳುವುದು. ಓವರ್‌ಟೇಕ್ ಶುರುವಾದದ್ದು ಒಂದರಲ್ಲಿ, ಗುದ್ದಿದ್ದು ಇನ್ನೊಂದರಲ್ಲಿ. ಕೆಲವು ಕ್ಯಾಮೆರಾಗಳಲ್ಲಿ ಜಿ-ಸೆನ್ಸರ್ ಲಾಕ್ ಮಾಡುವುದು ಗುದ್ದಿದ್ದನ್ನು ಮಾತ್ರ. ಅದರ ಹಿಂದಿನದು ಲಾಕ್ ಇಲ್ಲದೆ ಮುಂದೆ ಅಳಿಸಿಹೋಗುತ್ತದೆ. ಫೈಲ್ ಚಿಕ್ಕದಾದಷ್ಟೂ ಸಂದಿಗಳು ಜಾಸ್ತಿ.

3 ನಿಮಿಷ ಅನ್ನುವುದು 10 ನಿಮಿಷದ ಕಾಟಕ್ಕೂ 1 ನಿಮಿಷದ ಕಾಟಕ್ಕೂ ನಡುವಿನ ಒಪ್ಪಂದ.

ನಾನು 10 ಇಟ್ಟಿದ್ದೇನೆ, ಆದರೂ ಫೈಲ್ 10 ನಿಮಿಷ ಬರುತ್ತಿಲ್ಲ. ಯಾಕೆ?

ಬಹುಶಃ ನಿಮ್ಮ ಕಾರ್ಡ್ ಫ್ಯಾಟ್32 ವಿಧಾನದಲ್ಲಿ ಫಾರ್ಮ್ಯಾಟ್ ಆಗಿದೆ. ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. 60 ಎಂಬಿಪಿಎಸ್‌ನಲ್ಲಿ ಬರೆಯುವ 4ಕೆ ಕ್ಯಾಮೆರಾಗೆ ಒಂಬತ್ತೂವರೆ ನಿಮಿಷಕ್ಕೇ 4 ಜಿಬಿ ಮುಗಿದುಹೋಗುತ್ತದೆ. ಎಕ್ಸ್‌ಫ್ಯಾಟ್ ಅನ್ನುವ ಇನ್ನೊಂದು ವಿಧಾನದಲ್ಲಿ ಈ ಮಿತಿ ಇಲ್ಲ. ಆದರೆ ಇದಕ್ಕಾಗಿ ಕಂಪ್ಯೂಟರಿನಲ್ಲಿ ಫಾರ್ಮ್ಯಾಟ್ ಮಾಡಲು ಹೋಗಬೇಡಿ. ಕ್ಯಾಮೆರಾ ತನಗೆ ಬೇಕಾದಂತೆ ತಾನೇ ಮಾಡಿಕೊಳ್ಳಲಿ.

ಚಿಕ್ಕ ಫೈಲ್ ಇಟ್ಟರೆ ಕಾರ್ಡ್ ಬೇಗ ಹಾಳಾಗುತ್ತಾ?

ಇಲ್ಲ. ಕಾರ್ಡ್ ಸವೆಯುವುದು ಒಟ್ಟು ಎಷ್ಟು ಬರೆದಿರಿ ಅನ್ನುವುದರಿಂದ. ‘ಹೈ ಎಂಡ್ಯೂರೆನ್ಸ್’ (ಮತ್ತೆ ಮತ್ತೆ ಬರೆದರೂ ತಾಳುವಂಥದ್ದು) ಅಂತ ಬರೆದಿರುವ ಕಾರ್ಡ್ ಕೊಳ್ಳಿ, ಜೊತೆಗೆ ಬರೆಯುವ ವೇಗ ಹೇಳುವ ಯು3 ಅಥವಾ ವಿ30 ಗುರುತು ಇರಲಿ. ತಿಂಗಳಿಗೊಮ್ಮೆ, ಬೇಕಾದ್ದನ್ನು ಎತ್ತಿಟ್ಟುಕೊಂಡು, ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ನಾನು ಅಮಾವಾಸ್ಯೆಗೆ ಮಾಡುತ್ತೇನೆ. ಭಕ್ತಿಯಿಂದಲ್ಲ, ಅವತ್ತು ಹೇಗೂ ಕಾರು ತೊಳೆದು ನಿಂಬೆಹಣ್ಣು ಕಟ್ಟುವುದರಿಂದ ನೆನಪಿರುತ್ತದೆ.

ಫೈಲ್ ನೂರಾರು ಇರುತ್ತವೆ. ಬೇಕಾದದ್ದನ್ನು ಹುಡುಕುವುದು ಹೇಗೆ?

ಹೆಸರಿನಲ್ಲೇ ದಿನ, ಗಂಟೆ, ನಿಮಿಷ ಇರುತ್ತದೆ. ಸಾಮಾನ್ಯವಾಗಿ ಅದು ಫೈಲ್ ಶುರುವಾದ ಹೊತ್ತು. ಘಟನೆ 9:17ಕ್ಕೆ ಆಗಿದ್ದು, ನಿಮ್ಮ ಫೈಲ್‌ಗಳು 9:13, 9:16, 9:19 ಅಂತ ಇದ್ದರೆ ಬೇಕಾದದ್ದು 9:16ರದ್ದು. ಆದರೆ ಮೂರನ್ನೂ ಎತ್ತಿಟ್ಟುಕೊಳ್ಳಿ. ಗುದ್ದುವ ಮುಂಚೆ ಆ ಗಾಡಿ ಹೇಗೆ ಬರುತ್ತಿತ್ತು, ಗುದ್ದಿದ ಮೇಲೆ ಯಾರು ಏನು ಅಂದರು ಅನ್ನುವುದೂ ಮುಖ್ಯ.

ಒಂದು ಎಚ್ಚರಿಕೆ. ಗಡಿಯಾರ ಸರಿಯಿದೆಯಾ ನೋಡಿ. ಚೀನಾದಿಂದ ಬರುವ ಕೆಲವು ಕ್ಯಾಮೆರಾಗಳಲ್ಲಿ ಅಲ್ಲಿನ ಸಮಯವೇ ಕೂತಿರುತ್ತದೆ, ನಮಗಿಂತ ಎರಡೂವರೆ ಗಂಟೆ ಮುಂದೆ. ಜಿಪಿಎಸ್ ಇರುವ ಕ್ಯಾಮೆರಾದಲ್ಲಿ ಟೈಮ್ ಝೋನ್ 5:30 ಅಂತ ಆರಿಸಿ. ಮಧ್ಯಾಹ್ನ 12ರ ಅಪಘಾತಕ್ಕೆ ವಿಡಿಯೋ ಮೇಲೆ 2:30 ಅಂತ ಮುದ್ರೆ ಬಿದ್ದಿದ್ದರೆ ಎದುರು ಪಕ್ಷದ ವಕೀಲರಿಗೆ ಅದಕ್ಕಿಂತ ಸಿಹಿ ಬೇರೆ ಬೇಡ.

ಪೊಲೀಸರಿಗೆ, ಕೋರ್ಟಿಗೆ ಕೊಡುವಾಗ ಚಿಕ್ಕ ಫೈಲ್ ಒಳ್ಳೆಯದಾ, ದೊಡ್ಡದಾ?

ಕೊಡುವ ಅನುಕೂಲಕ್ಕೆ ಚಿಕ್ಕದು. ಕ್ಯಾಮೆರಾದ ವೈಫೈನಿಂದ ಫೋನಿಗೆ 1.8 ಜಿಬಿ ಇಳಿಸಲು ರಸ್ತೆ ಬದಿಯಲ್ಲಿ ನಿಂತು ನೋಡಿ, ತಾಳ್ಮೆ ಎಷ್ಟಿದೆ ಅಂತ ಗೊತ್ತಾಗುತ್ತದೆ. ಆದರೆ ಅಳತೆಗಿಂತ ಮುಖ್ಯವಾದದ್ದು ಕತ್ತರಿಸದೇ ಇರುವುದು. ಜನ ಮಾಡುವ ತಪ್ಪು ಇದೇ. ಬೇಕಾದ 20 ಸೆಕೆಂಡ್ ಮಾತ್ರ ಕತ್ತರಿಸಿ ವಾಟ್ಸಾಪ್‌ನಲ್ಲಿ ಕಳಿಸಿ, ಮೂಲ ಫೈಲನ್ನು ಲೂಪ್‌ಗೆ ಬಲಿಕೊಡುತ್ತಾರೆ. ವಾಟ್ಸಾಪ್ ವಿಡಿಯೋವನ್ನು ಹಿಂಡಿ ಚಿಕ್ಕದು ಮಾಡುತ್ತದೆ, ನಂಬರ್ ಪ್ಲೇಟ್ ಮಸುಕಾಗುತ್ತದೆ. ಕಳಿಸಲೇಬೇಕಾದರೆ ‘ಡಾಕ್ಯುಮೆಂಟ್’ ಆಗಿ ಕಳಿಸಿ, ಆಗ ಫೈಲ್ ಇದ್ದ ಹಾಗೇ ಹೋಗುತ್ತದೆ.

ಕೋರ್ಟಿನ ಮಾತು ಬಂದರೆ, 2024ರ ಜುಲೈ 1ರಿಂದ ಹಳೆಯ ಸಾಕ್ಷ್ಯ ಕಾಯಿದೆಯ ಜಾಗದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಮೊದಲು ಕಲಂ 65ಬಿ ಅನ್ನುತ್ತಿದ್ದರಲ್ಲ, ಅದು ಈಗ ಕಲಂ 63. ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಒಂದು ಪ್ರಮಾಣಪತ್ರ ಕೊಡಬೇಕು, ಅದರಲ್ಲಿ ಫೈಲಿನ ಹ್ಯಾಶ್ ಸಂಖ್ಯೆಯೂ ಇರಬೇಕು. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು ಇದ್ದ ಹಾಗೆ. ಒಂದು ಸೆಕೆಂಡ್ ಕತ್ತರಿಸಿದರೂ ಅದು ಪೂರ್ತಿ ಬದಲಾಗುತ್ತದೆ. ಆದ್ದರಿಂದ ದೊಡ್ಡ ಅಪಘಾತವಾದರೆ ಕಾರ್ಡನ್ನೇ ಕಳಚಿ ಲಕೋಟೆಯಲ್ಲಿ ಹಾಕಿ ಎತ್ತಿಡಿ, ಕ್ಯಾಮೆರಾಗೆ ಬೇರೆ ಕಾರ್ಡ್ ಹಾಕಿ. ಉಳಿದದ್ದು ವಕೀಲರ ಹತ್ತಿರ ಕೇಳಿ.

ಮಗ ಜರ್ಮನಿಯಲ್ಲಿದ್ದಾನೆ. ಅವನಿಗೂ 3 ನಿಮಿಷ ಹೇಳಲಾ?

ಅಲ್ಲಿ ಕಥೆ ಬೇರೆ. ಅಲ್ಲಿನ ಫೆಡರಲ್ ನ್ಯಾಯಾಲಯ 2018ರ ಮೇ 15ರಂದು ಒಂದು ತೀರ್ಪು ಕೊಟ್ಟಿದೆ. ಕಾರಣವಿಲ್ಲದೆ ಸದಾಕಾಲ ರಸ್ತೆ ರೆಕಾರ್ಡ್ ಮಾಡುತ್ತಾ ಹೋಗುವುದು ಡೇಟಾ ರಕ್ಷಣೆ ಕಾನೂನಿಗೆ ವಿರುದ್ಧ, ಹಾಗಿದ್ದರೂ ಅಪಘಾತದ ಸಿವಿಲ್ ಕೇಸಿನಲ್ಲಿ ಆ ವಿಡಿಯೋವನ್ನು ಸಾಕ್ಷಿಯಾಗಿ ನೋಡಬಹುದು ಅಂತ. ಸ್ವಲ್ಪ ಸ್ವಲ್ಪ ಹೊತ್ತಿಗೆ ತಾನೇ ಅಳಿಸಿಕೊಂಡು, ಗುದ್ದಿದಾಗ ಮಾತ್ರ ಉಳಿಸುವ ಕ್ಯಾಮೆರಾ ಮಾಡಲು ಸಾಧ್ಯವಿದೆಯಲ್ಲ ಎಂದೂ ನ್ಯಾಯಾಲಯ ಹೇಳಿತು. ಹಾಗಾಗಿ ಅವನಿಗೆ ಇರುವುದರಲ್ಲೇ ಚಿಕ್ಕ ಲೂಪ್, ಮತ್ತು ಬೇಡದ್ದನ್ನು ಉಳಿಸಿಟ್ಟುಕೊಳ್ಳದ ಅಭ್ಯಾಸ. ಗಡಿ ದಾಟಿ ಪಕ್ಕದ ದೇಶಕ್ಕೆ ಹೋಗುವಾಗ ಅಲ್ಲಿನ ನಿಯಮ ಮೊದಲು ನೋಡಿಕೊಳ್ಳಲಿ.

ರಾತ್ರಿ ನಿಲ್ಲಿಸಿದಾಗ ಟೈಮ್ ಲ್ಯಾಪ್ಸ್ ಇಟ್ಟಿದ್ದೇನೆ. ಅದಕ್ಕೂ ಇದೇ ನಿಮಿಷ ಅನ್ವಯಿಸುತ್ತಾ?

ಕ್ಯಾಮೆರಾದಿಂದ ಕ್ಯಾಮೆರಾಗೆ ಬೇರೆ. ಟೈಮ್ ಲ್ಯಾಪ್ಸ್‌ನಲ್ಲಿ ಸೆಕೆಂಡಿಗೆ ಒಂದೇ ಚಿತ್ರ ತೆಗೆದು, ಆಮೇಲೆ ಸೆಕೆಂಡಿಗೆ 30ರಂತೆ ಓಡಿಸುತ್ತಾರೆ. 8 ಗಂಟೆಯ ರಾತ್ರಿ 16 ನಿಮಿಷದಲ್ಲಿ ಮುಗಿಯುತ್ತದೆ. ಒಂದು ನಿಮಿಷದ ಫೈಲಿನಲ್ಲಿ ನಿಜವಾದ ಅರ್ಧ ಗಂಟೆ ಅಡಗಿರುತ್ತದೆ. ನಿಧಾನವಾಗಿ ನೋಡಿ, ನಿಮ್ಮ ಬಂಪರ್ ಕೆರೆದವನು ಒಂದೆರಡು ಚೌಕಟ್ಟಿನಲ್ಲಿ ಬಂದು ಹೋಗಿರುತ್ತಾನೆ.

ಆಗುಂಬೆ ಟ್ರಿಪ್ಪಿನ ವಿಡಿಯೋ ತುಂಡು ತುಂಡಾಗಿದೆ. ಜೋಡಿಸಬಹುದಾ?

ಧಾರಾಳವಾಗಿ. ಲಾಸ್‌ಲೆಸ್‌ಕಟ್ ಅನ್ನುವ ಉಚಿತ ಸಾಫ್ಟ್‌ವೇರ್ ಗುಣಮಟ್ಟ ಕೆಡಿಸದೆ ಜೋಡಿಸುತ್ತದೆ. ಮಳೆಗಾಲದ ಘಾಟಿ ನೋಡುವ ಆಸೆಗೆ 10 ನಿಮಿಷ ಇಡುವ ಅಗತ್ಯ ಇಲ್ಲ.

ಲೂಪ್ ನಿಮಿಷಗಳ ಪಟ್ಟಿಯಲ್ಲಿ ‘ಆಫ್’ ಅಂತಲೂ ಇದೆಯಲ್ಲ?

ಮುಟ್ಟಬೇಡಿ. ಕಾರ್ಡ್ ತುಂಬಿದ ಮೇಲೆ ರೆಕಾರ್ಡಿಂಗ್ ನಿಂತುಹೋಗುತ್ತದೆ.

ಸೆಟ್ಟಿಂಗ್ ಮಾಡಿದೆ. ಸರಿಯಾಗಿದೆ ಅಂತ ಹೇಗೆ ನಂಬಲಿ?

ನಿಂತಿರುವ ಕಾರಿನಲ್ಲೇ ಹತ್ತು ನಿಮಿಷ ಸಾಕು. ಫೋನಿನಲ್ಲಿ ಸ್ಟಾಪ್‌ವಾಚ್ ಓಡಿಸಿ, ಅದನ್ನು ಬಾನೆಟ್ ಮೇಲೆ ಕ್ಯಾಮೆರಾಗೆ ಕಾಣುವಂತೆ ಒರಗಿಸಿ. ಸೆಟ್ಟಿಂಗ್ ತಾತ್ಕಾಲಿಕವಾಗಿ 1 ನಿಮಿಷಕ್ಕೆ ಇಟ್ಟು ಐದಾರು ಫೈಲ್ ಆಗಲು ಬಿಡಿ. ಕೊನೆಗೆ, ಒಂದು ಫೈಲಿನ ನಡುವೆ ಇರುವಾಗಲೇ ಕ್ಯಾಮೆರಾದ ಪ್ಲಗ್ಗನ್ನು ಲೈಟರ್ ಸಾಕೆಟ್‌ನಿಂದ ಎಳೆಯಿರಿ. ಕಾರ್ಡನ್ನು ಕಂಪ್ಯೂಟರಿಗೆ ಹಾಕಿ. ಒಂದು ಫೈಲಿನ ಕೊನೆಯಲ್ಲಿ ಸ್ಟಾಪ್‌ವಾಚ್ ಎಷ್ಟು ತೋರಿಸುತ್ತದೆ, ಮುಂದಿನದರ ಶುರುವಿನಲ್ಲಿ ಎಷ್ಟು, ನೋಡಿ. ನಡುವೆ ಸೆಕೆಂಡ್ ಹಾರಿಹೋಗಿದ್ದರೆ 3ಕ್ಕೆ ವಾಪಸ್ ಹೋಗಿ. ಆಮೇಲೆ ಪ್ಲಗ್ ಎಳೆದಾಗಿನ ಆ ಕೊನೆಯ ಫೈಲನ್ನು ತೆರೆಯಿರಿ. ತೆರೆದರೆ ಒಳಗಿನ ಕೆಪಾಸಿಟರ್ ಕೆಲಸ ಮಾಡುತ್ತಿದೆ. ತೆರೆಯದಿದ್ದರೆ ವಾರಂಟಿ ಕಾರ್ಡ್ ಎಲ್ಲಿಟ್ಟಿದ್ದೀರಿ ಹುಡುಕಿ.